ಉದ್ದನೆಯ ಇಂಗ್ಲಿಷ್ ಪದಗಳನ್ನು ಬಿಡಿಸುವುದು ಹೇಗೆ? ಸಿಲಬಲ್, ಒತ್ತು, ಪದಭಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಇಂಗ್ಲಿಷ್ ಪದವನ್ನು ಮೂರು ಬಗೆಯಲ್ಲಿ ಬಿಡಿಸಬಹುದು. ಬಾಯಿಗೆ ಬರುವ ತುಂಡುಗಳಾಗಿ ಬಿಡಿಸಿದರೆ ಸಿಲಬಲ್. ಅರ್ಥದ ತುಂಡುಗಳಾಗಿ ಬಿಡಿಸಿದರೆ ಪದಭಾಗ. ಸಾಲಿನ ಅಂಚಿನಲ್ಲಿ ಗೆರೆ ಹಾಕಿ ಮುರಿದರೆ ಮುದ್ರಣದ ತುಂಡು. ಈ ಮೂರೂ ಒಂದೇ ಜಾಗದಲ್ಲಿ ಮುರಿಯಬೇಕೆಂದೇನೂ ಇಲ್ಲ. ಕಲಿಯುವವರನ್ನು ಕಾಡುವ ಗೊಂದಲದಲ್ಲಿ ಬಹುಪಾಲು ಹುಟ್ಟುವುದು ಇವನ್ನು ಒಂದೇ ಎಂದುಕೊಳ್ಳುವುದರಿಂದ.

ಕೆಳಗೆ ಒತ್ತು ಬೀಳುವ ಸಿಲಬಲ್‌ನ ಮುಂದೆ ˈ ಗುರುತು ಹಾಕಿದ್ದೇವೆ. ನಿಘಂಟುಗಳಲ್ಲೂ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ.

ಸಿಲಬಲ್ ಅಂದರೆ ನಮ್ಮ ಅಕ್ಷರವೇ ಅಲ್ಲವೇ?

ಹತ್ತಿರದ ನೆಂಟ, ಆದರೆ ಅದೇ ಅಲ್ಲ. ‘ಕಣ್ಣು’ ಎಂಬುದನ್ನು ಬರೆಯುವಾಗ ಕ, ಣ್ಣು ಎಂದು ಎರಡು ಅಕ್ಷರ ಮಾಡುತ್ತೇವೆ. ಹೇಳುವಾಗ ನಾಲಿಗೆ ಕಣ್-ಣು ಎಂದು ಒಡೆಯುತ್ತದೆ. ಸಿಲಬಲ್ ಎಂದರೆ ಈ ಎರಡನೆಯ ಒಡೆತ. ಒಂದು ಸ್ವರ, ಅದರ ಮುಂದೆ ಮತ್ತು ಹಿಂದೆ ಅಂಟಿಕೊಂಡ ವ್ಯಂಜನಗಳು, ಎಲ್ಲ ಸೇರಿ ಒಂದು ಸಿಲಬಲ್.

ಆದ್ದರಿಂದ ಎಣಿಸಬೇಕಾದದ್ದು ಕೇಳಿಸುವ ಸ್ವರಗಳನ್ನೇ ಹೊರತು ಬರೆದ ಅಕ್ಷರಗಳನ್ನಲ್ಲ. ‘ಸ್ಟ್ರೆಂತ್ಸ್’ ಇಂಗ್ಲಿಷಿನಲ್ಲಿ ಬರೆಯಲು 9 ಅಕ್ಷರ ಬೇಕು, ಸಿಲಬಲ್ ಮಾತ್ರ ಒಂದೇ. ‘ಏರಿಯಾ’ಕ್ಕೆ 4 ಅಕ್ಷರ ಸಾಕು, ಸಿಲಬಲ್ ಮೂರು. ಸಾಲು ನಿಲ್ಲುವುದಕ್ಕೆ ಹೇಳುವ ‘ಕ್ಯೂ’ಗೆ 5 ಅಕ್ಷರ, ಸಿಲಬಲ್ ಒಂದು.

ಒಂದು ವಿನಾಯಿತಿ ಇದೆ. ‘ಬಾಟಲ್’, ‘ಬಟನ್’, ‘ರಿದಮ್’ ಪದಗಳ ಕೊನೆಯಲ್ಲಿ ಸ್ವರ ಇದ್ದೂ ಇಲ್ಲದಂತಿರುತ್ತದೆ. ಅಲ್ಲಿ ಲ್, ನ್, ಮ್ ವ್ಯಂಜನಗಳೇ ಸ್ವರದ ಕೆಲಸ ಮಾಡುತ್ತವೆ. ಹಾಗಾಗಿ ಇವು ಎರಡು ಸಿಲಬಲ್‌ನ ಪದಗಳು.

ಎಣಿಸಲು ಸುಲಭದ ದಾರಿ ಯಾವುದು?

ಗಲ್ಲದ ಕೆಳಗೆ ಅಂಗೈ ಇಟ್ಟು ಪದವನ್ನು ನಿಧಾನವಾಗಿ ಹೇಳಿ. ಪ್ರತಿ ಸ್ವರಕ್ಕೂ ದವಡೆ ಕೆಳಗಿಳಿಯುತ್ತದೆ, ಆ ಇಳಿತಗಳನ್ನು ಎಣಿಸಿ. ಈ, ಊ ಸ್ವರಗಳಿಗೆ ದವಡೆ ಅಷ್ಟಾಗಿ ಇಳಿಯುವುದಿಲ್ಲ, ಅಂಥ ಪದಗಳಲ್ಲಿ ಬೆರಳಿನಿಂದ ಮೇಜು ತಟ್ಟುವುದು ವಾಸಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು, ಕನ್ನಡದ ಬಾಯಿ ವ್ಯಂಜನಕ್ಕೆ ಮುಗಿಯುವ ಪದಕ್ಕೆ ‘ಉ’ಕಾರ ಸೇರಿಸುತ್ತದೆ. ‘ಬಸ್’ ಬಸ್ಸು ಆದಾಗ, ‘ಸ್ಕೂಲ್’ ಸ್ಕೂಲು ಆದಾಗ ಒಂದು ಸಿಲಬಲ್ ಎರಡಾಗುತ್ತದೆ. ಅದನ್ನೇ ಇಸ್ಕೂಲು ಎಂದರೆ ಮೂರು. ಕನ್ನಡದ ವಾಕ್ಯದಲ್ಲಿ ಅದು ಸರಿಯೇ, ಇಂಗ್ಲಿಷ್ ವಾಕ್ಯದಲ್ಲಿ ಪದದ ಆಕಾರವೇ ಬದಲಾಗುತ್ತದೆ. ಎರಡನೆಯದು, ಬರೆದದ್ದನ್ನೆಲ್ಲ ಉಚ್ಚರಿಸುವ ಅಭ್ಯಾಸ.

‘ಚಾಕೊಲೇಟ್’ನಲ್ಲಿ ಮೂರು ತುಂಡು ತಾನೇ?

ಎರಡು. ˈಚಾಕ್-ಲಟ್. ನಡುವಿನ ಒತ್ತಿಲ್ಲದ ಸ್ವರ ಮಾತಿನಲ್ಲಿ ಬಿದ್ದುಹೋಗುತ್ತದೆ. ‘ಬಿಝ್ನಸ್’ ಎರಡು, ‘ವೆನ್ಸ್‌ಡೇ’ ಎರಡು, ‘ಎವ್ರಿ’ ಎರಡು. ‘ವೆಜಿಟೇಬಲ್’ ಎಂದು ನಾವು ನಾಲ್ಕು ಮಾಡುವುದು ಅಲ್ಲಿ ಮೂರು: ˈವೆಜ್-ಟ-ಬಲ್. ‘ಕಂಫರ್ಟೇಬಲ್’ ಸಾಮಾನ್ಯವಾಗಿ ˈಕಂಫ್-ಟ-ಬಲ್.

ಕೊನೆಯ ಎರಡರಲ್ಲಿ ಇನ್ನೊಂದು ಪಾಠವಿದೆ. ಪದದ ಬಾಲವಾಗಿ ಬರುವ ‘ಅಬಲ್’ ಅನ್ನು ‘ಏಬಲ್’ ಎಂದು ಎಳೆಯಬಾರದು. ‘ಶಕ್ತ’ ಎಂಬರ್ಥದ ಬಿಡಿ ಪದ ‘ಏಬಲ್’ ಬೇರೆ, ಬಾಲ ಬೇರೆ. ಊಟದ ‘ಟೇಬಲ್’ ನಾಲಿಗೆಯ ಮೇಲಿರುವುದರಿಂದ ಈ ತಪ್ಪು ಬಹಳ ಗಟ್ಟಿಯಾಗಿ ಕೂತುಬಿಡುತ್ತದೆ.

ಭೂತಕಾಲದ ‘ಇ-ಡಿ’ ಯಾವಾಗ ಹೊಸ ಸಿಲಬಲ್ ಆಗುತ್ತದೆ?

ಕ್ರಿಯಾಪದದ ಕೊನೆಯ ಧ್ವನಿ ಟ್ ಅಥವಾ ಡ್ ಆಗಿದ್ದರೆ ಮಾತ್ರ. ‘ವಾಂಟ್’ → ವಾನ್-ಟಿಡ್, ‘ನೀಡ್’ → ನೀ-ಡಿಡ್. ಉಳಿದೆಡೆ ಸಿಲಬಲ್ ಹೆಚ್ಚುವುದಿಲ್ಲ: ‘ವಾಕ್’ → ವಾಕ್ಟ್, ‘ಪ್ಲೇ’ → ಪ್ಲೇಡ್. ಹಳೆಯ ಕೆಲವು ವಿಶೇಷಣಗಳು ಈ ನಿಯಮಕ್ಕೆ ಸಿಗುವುದಿಲ್ಲ: ‘ನೇಕಿಡ್’, ‘ವಿಕಿಡ್’, ‘ಸೇಕ್ರಿಡ್’.

ಬಹುವಚನದ್ದೂ ಇದೇ ತರ್ಕ. ಸ್, ಝ್, ಶ್, ಚ್, ಜ್ ಧ್ವನಿಗೆ ಮುಗಿದರೆ ಒಂದು ಸಿಲಬಲ್ ಹೆಚ್ಚುತ್ತದೆ: ಬಾಕ್ಸ್ → ಬಾಕ್-ಸಿಝ್, ಜಡ್ಜ್ → ಜಡ್-ಜಿಝ್. ಒಂದೇ ಜಾತಿಯ ಎರಡು ಧ್ವನಿ ಅಕ್ಕಪಕ್ಕ ಬಂದರೆ ಹೇಳಲಾಗದು, ನಡುವೆ ಸ್ವರ ಬೇಕೇ ಬೇಕು.

ಒತ್ತು ಎಂದರೆ ಒತ್ತಕ್ಷರವೇ?

ಅಲ್ಲ. ಹೆಸರು ಮಾತ್ರ ಹೊಂದುತ್ತದೆ. ಇಲ್ಲಿ ಒತ್ತು ಎಂದರೆ ಪದದ ಒಂದು ಸಿಲಬಲ್ ಉಳಿದವುಗಳಿಗಿಂತ ಎದ್ದು ಕೇಳುವುದು. ಆ ಸಿಲಬಲ್ ಕೊಂಚ ಉದ್ದವಾಗುತ್ತದೆ, ಕೊಂಚ ಜೋರಾಗುತ್ತದೆ, ದನಿಯ ಮಟ್ಟ ಅಲ್ಲಿ ಬದಲಾಗುತ್ತದೆ, ಸ್ವರ ಪೂರ್ತಿ ಬಾಯಿ ಬಿಟ್ಟು ಹೊರಡುತ್ತದೆ.

ಆದರೆ ಅರ್ಧ ಕೆಲಸ ನಡೆಯುವುದು ಒತ್ತು ಇಲ್ಲದ ಕಡೆ. ಅಲ್ಲಿನ ಸ್ವರ ಏನೇ ಬರೆದಿರಲಿ, ಬಹಳ ಸಲ ಸಣ್ಣದೊಂದು ‘ಅ’ಕಾರಕ್ಕೆ ಕುಗ್ಗುತ್ತದೆ. ಇದಕ್ಕೆ ‘ಶ್ವಾ’ ಎಂದು ಹೆಸರು. ‘ಬನಾನಾ’ ಪದದ ಇಂಗ್ಲಿಷ್ ಕಾಗುಣಿತದಲ್ಲಿ ‘ಎ’ ಎಂಬ ಒಂದೇ ಅಕ್ಷರ ಮೂರು ಸಲ ಇದೆ. ನಡುವಿನದು ಮಾತ್ರ ಪೂರ್ತಿ ಸ್ವರ, ಎರಡು ಪಕ್ಕದವೂ ಶ್ವಾ: ಬ-ˈನಾ-ನ.

ಒತ್ತು ಸರಿದಾಗ ಏನಾಗುತ್ತದೆ ಎಂಬುದನ್ನು ಈ ಮೂರು ಪದಗಳಲ್ಲಿ ಕೇಳಿ:

ˈಫೋ-ಟ-ಗ್ರಾಫ್
ಫ-ˈಟಾ-ಗ್ರ-ಫಿ
ಫೋ-ಟ-ˈಗ್ರ್ಯಾ-ಫಿಕ್

ಒಂದೇ ಬೇರು, ಒಂದೇ ಕಾಗುಣಿತ. ಮೊದಲ ಪದದಲ್ಲಿ ‘ಫೋ’ ಆಗಿದ್ದದ್ದು ಎರಡನೆಯದರಲ್ಲಿ ‘ಫ’ ಆಯಿತು, ‘ಟ’ ಆಗಿದ್ದದ್ದು ‘ಟಾ’ ಆಯಿತು. ಕನ್ನಡದಲ್ಲಿ ದೀರ್ಘ ಎಲ್ಲಿದ್ದರೂ ದೀರ್ಘವೇ. ಅದಕ್ಕೇ ನಾವು ‘ಫೋಟೋಗ್ರಫಿ’ ಎಂದು ಎಲ್ಲಕ್ಕೂ ಸಮಪಾಲು ಹಂಚುತ್ತೇವೆ. ಇಂಗ್ಲಿಷ್‌ಗೆ ಸಮಪಾಲು ಒಗ್ಗುವುದಿಲ್ಲ. ಒತ್ತಿಲ್ಲದ ಸಿಲಬಲ್‌ಗಳನ್ನು ಕುಗ್ಗಿಸಲು ಕಲಿತರೆ ಒತ್ತು ತಾನಾಗಿ ಕೇಳಿಸತೊಡಗುತ್ತದೆ. ಒತ್ತನ್ನೇ ಹೆಚ್ಚು ಜೋರಾಗಿ ಹೇಳಲು ಹೋದರೆ ಗದರಿದಂತಾಗುತ್ತದೆ, ಅಷ್ಟೆ.

ಒತ್ತು ಎಲ್ಲಿ ಬೀಳುತ್ತದೆ? ನಿಯಮ ಏನಾದರೂ ಇದೆಯೇ ಅಥವಾ ಬಾಯಿಪಾಠವೇ ಗತಿಯೇ?

ಉದ್ದದ ಪದಗಳಿಗೆ ಖಂಡಿತ ಇದೆ. ಪದದ ಬಾಲ ನೋಡಿ, ತಲೆಯನ್ನಲ್ಲ. ಮೊದಲಿನಿಂದ ಓದಿಕೊಂಡು ಹೋಗುವುದೇ ಇಲ್ಲಿ ಮುಖ್ಯ ತಪ್ಪು.

ತನ್ನ ಹಿಂದಿನ ಸಿಲಬಲ್‌ಗೆ ಒತ್ತು ಕೊಡುವ ಬಾಲಗಳು ಮೊದಲು. ‘ಷನ್’ ಇವುಗಳಲ್ಲಿ ಅತ್ಯಂತ ನಂಬಿಕಸ್ಥ: ಇನ್-ಫರ್-ˈಮೇ-ಷನ್, ಕ-ಮ್ಯೂ-ನಿ-ˈಕೇ-ಷನ್. ‘ಇಕ್’, ‘ಇಕಲ್’ ಹಾಗೆಯೇ: ಎ-ಕ-ˈನಾ-ಮಿಕ್, ಸೈ-ಅನ್-ˈಟಿ-ಫಿಕ್. ‘ಇಟಿ’ ಕೂಡ: ರಿ-ಸ್ಪಾನ್-ಸ-ˈಬಿ-ಲ-ಟಿ, ಯೂ-ನಿ-ˈವರ್-ಸಿ-ಟಿ. ‘ಲಜಿ’, ‘ಗ್ರಫಿ’, ‘ಕ್ರಸಿ’ ಬಾಲಗಳದ್ದೂ ಇದೇ ಗುಣ: ಬೈ-ˈಆ-ಲ-ಜಿ, ಜಿ-ˈಆ-ಗ್ರ-ಫಿ, ಡಿ-ˈಮಾ-ಕ್ರ-ಸಿ. ‘ಇಕ್’ಗೆ ಕೆಲವು ಅಪವಾದಗಳಿವೆ, ಬೆರಳೆಣಿಕೆಯಷ್ಟನ್ನು ನೆನಪಿಟ್ಟರೆ ಸಾಕು: ˈಪಾ-ಲ-ಟಿಕ್ಸ್, ˈಕ್ಯಾ-ತ-ಲಿಕ್, ˈಆ್ಯ-ರ-ಬಿಕ್, ˈಲೂ-ನ-ಟಿಕ್, ಮತ್ತು ಅಂಕಗಣಿತದ ಅ-ˈರಿತ್-ಮ-ಟಿಕ್.

ಒತ್ತನ್ನು ತಾವೇ ಕಸಿದುಕೊಳ್ಳುವ ಬಾಲಗಳು ಕೆಲವೇ: ‘ಇಯರ್’, ‘ಈ’, ‘ಈಝ್’, ‘ಎಟ್’. ಎಂಜಿ-ˈನಿಯರ್, ಜ್ಯಾ-ಪ-ˈನೀಝ್, ಎಂಪ್ಲಾಯ್-ˈಈ, ಸಿ-ಗ-ˈರೆಟ್. ‘ಕ-ˈಮಿ-ಟಿ’ ಮತ್ತು ‘ˈಕಾ-ಫಿ’ ಈ ಗುಂಪಿಗೆ ಸೇರುವುದಿಲ್ಲ.

‘ಏಟ್’ ಎಂದು ಮುಗಿಯುವ ಉದ್ದದ ಕ್ರಿಯಾಪದಗಳಲ್ಲಿ ಕೊನೆಯಿಂದ ಮೂರನೆಯದಕ್ಕೆ ಒತ್ತು: ˈಡೆ-ಮನ್-ಸ್ಟ್ರೇಟ್, ಕ-ˈಮ್ಯೂ-ನಿ-ಕೇಟ್. ಅದೇ ಕಾಗುಣಿತ ನಾಮಪದವೋ ವಿಶೇಷಣವೋ ಆದಾಗ ಒತ್ತು ಅಲ್ಲೇ ಇರುತ್ತದೆ, ಕೊನೆಯ ಸ್ವರ ಮಾತ್ರ ಕುಗ್ಗುತ್ತದೆ. ಅಂದಾಜು ಮಾಡುವುದು ˈಎಸ್-ಟಿ-ಮೇಟ್, ಅಂದಾಜು ˈಎಸ್-ಟಿ-ಮಟ್.

ಕೊನೆಗೆ, ಒತ್ತನ್ನು ಮುಟ್ಟದ ಬಾಲಗಳು: ‘ನೆಸ್’, ‘ಮೆಂಟ್’, ‘ಫುಲ್’, ‘ಲೆಸ್’, ‘ಲಿ’, ‘ಇಂಗ್’, ‘ಶಿಪ್’, ‘ಹುಡ್’. ಇವನ್ನು ಕಿತ್ತು ಪಕ್ಕಕ್ಕಿಟ್ಟು ಉಳಿದ ಪದಕ್ಕೆ ಒತ್ತು ಹುಡುಕಿ. ‘ಅಬಲ್’ ಕೂಡ ಬಹುಮಟ್ಟಿಗೆ ಇದೇ ಗುಂಪು. ಆದರೆ ˈಆ್ಯಡ್-ಮ-ರ-ಬಲ್, ˈಕಾಂ-ಪ-ರ-ಬಲ್, ˈಪ್ರೆ-ಫ-ರ-ಬಲ್ ಈ ಮೂರರಲ್ಲಿ ಸಾಂಪ್ರದಾಯಿಕ ಉಚ್ಚಾರದ ಒತ್ತು ಮೊದಲಿಗೇ ಓಡುತ್ತದೆ.

ಬಾಲವೇ ಇಲ್ಲದ ಉದ್ದ ಪದಗಳಿಗೆ ಏನು ಮಾಡುವುದು?

ಛಂದಸ್ಸಿನ ಲಘು-ಗುರು ನೆನಪಿದ್ದರೆ ನಿಮಗೆ ಅರ್ಧ ದಾರಿ ಸವೆದಂತೆ. ಲ್ಯಾಟಿನ್‌ನಿಂದ ಬಂದ ಒಂದು ನಿಯಮ ಮೂರು ಅಥವಾ ಹೆಚ್ಚು ಸಿಲಬಲ್‌ನ ಬಹಳಷ್ಟು ಇಂಗ್ಲಿಷ್ ನಾಮಪದಗಳಿಗೆ ಅನ್ವಯಿಸುತ್ತದೆ. ಕೊನೆಯಿಂದ ಎರಡನೆಯ ಸಿಲಬಲ್ ಗುರುವಾಗಿದ್ದರೆ ಒತ್ತು ಅದಕ್ಕೆ. ಲಘುವಾಗಿದ್ದರೆ ಒತ್ತು ಒಂದು ಹೆಜ್ಜೆ ಹಿಂದಕ್ಕೆ, ಕೊನೆಯಿಂದ ಮೂರನೆಯದಕ್ಕೆ.

ಗುರು ಯಾವುದು ಎಂಬುದೂ ನಮ್ಮ ಲೆಕ್ಕದಂತೆಯೇ: ದೀರ್ಘ ಸ್ವರ ಇದ್ದರೆ, ಇಲ್ಲವೇ ಸ್ವರದ ನಂತರ ವ್ಯಂಜನ ಬಂದು ಸಿಲಬಲ್ ಮುಚ್ಚಿದರೆ. ಅ-ˈರೋ-ಮ, ಹ-ˈರೈ-ಝನ್, ಪ-ˈಟೇ-ಟೋ ಇವುಗಳಲ್ಲಿ ಸ್ವರ ದೀರ್ಘ. ಅ-ˈಜೆನ್-ಡ, ವ-ˈರ್ಯಾನ್-ಡ ಇವುಗಳಲ್ಲಿ ಸಿಲಬಲ್ ಮುಚ್ಚಿದೆ. ˈಸಿ-ನ-ಮ, ಅ-ˈಮೆ-ರಿ-ಕ, ಹಿ-ಪ-ˈಪಾ-ಟ-ಮಸ್ ಇವುಗಳಲ್ಲಿ ಕೊನೆಯಿಂದ ಎರಡನೆಯದು ಲಘು, ಹಾಗಾಗಿ ಒತ್ತು ಹಿಂದೆ ಸರಿದಿದೆ.

ಒಂದು ಕಡೆ ಎಚ್ಚರ ಬೇಕು. ನಮ್ಮಲ್ಲಿ ಒತ್ತಕ್ಷರದ ಹಿಂದಿನದು ಗುರು. ಇಂಗ್ಲಿಷ್‌ನಲ್ಲಿ ಬ್ರ, ಟ್ರ, ಕ್ಲ ಇಂಥ ಜೋಡಿಗಳು ಪೂರ್ತಿಯಾಗಿ ಮುಂದಿನ ಸಿಲಬಲ್‌ಗೆ ಸೇರುತ್ತವೆ, ಹಿಂದಿನದನ್ನು ಮುಚ್ಚುವುದಿಲ್ಲ. ಅದಕ್ಕೇ ಬೀಜಗಣಿತದ ಪದ ˈಆಲ್-ಜಿ-ಬ್ರ. ‘ಜಿ’ ಅಲ್ಲಿ ಲಘುವೇ. ನಿಯಮ ಮೀರುವ ಪದಗಳೂ ಇವೆ: ˈಕ್ಯಾ-ಲನ್-ಡರ್, ˈಕ್ಯಾ-ರಕ್-ಟರ್. ಆದರೂ ಗೊತ್ತಿಲ್ಲದ ಪದ ಎದುರಾದಾಗ ಊಹಿಸಲು ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

‘ರೆಕಾರ್ಡ್’ ಅನ್ನು ಎರಡು ರೀತಿ ಹೇಳುವುದೇಕೆ?

ನಾಮಪದವಾದರೆ ಒತ್ತು ಮುಂದೆ, ಕ್ರಿಯಾಪದವಾದರೆ ಹಿಂದೆ. ದಾಖಲೆ ˈರೆ-ಕರ್ಡ್, ದಾಖಲಿಸುವುದು ರಿ-ˈಕಾರ್ಡ್. ಉಡುಗೊರೆ ˈಪ್ರೆ-ಝಂಟ್, ಮುಂದಿಡುವುದು ಪ್ರಿ-ˈಝೆಂಟ್. ಪರ್ಮಿಟ್, ಎಕ್ಸ್‌ಪೋರ್ಟ್, ಕಾಂಟ್ರಾಕ್ಟ್, ಆಬ್ಜೆಕ್ಟ್, ರೆಬೆಲ್ ಎಲ್ಲವೂ ಈ ಸಾಲಿನವು. ಎಲ್ಲ ಜೋಡಿಗಳಿಗೂ ಹಬ್ಬಿಸಬೇಡಿ: ‘ರಿˈಪೋರ್ಟ್’, ‘ಕನ್ˈಟ್ರೋಲ್’ ಎರಡೂ ಪಾತ್ರಗಳಲ್ಲಿ ಒಂದೇ.

‘ನೇಷನ್’ ಯಾಕೆ ‘ನ್ಯಾಷನಲ್’ ಆಗುತ್ತದೆ?

ಬಾಲ ಸೇರಿ ಪದ ಉದ್ದವಾದಾಗ, ಕೊನೆಯಿಂದ ಮೂರನೆಯ ಜಾಗಕ್ಕೆ ಹೋದ ದೀರ್ಘ ಸ್ವರ ಚಿಕ್ಕದಾಗುವ ಒಂದು ಹಳೆಯ ಅಭ್ಯಾಸ ಇಂಗ್ಲಿಷ್‌ನಲ್ಲಿದೆ. ನೇಚರ್–ನ್ಯಾಚರಲ್, ಡಿವೈನ್–ಡಿವಿನಿಟಿ, ಸಿರೀನ್–ಸಿರೆನಿಟಿ, ಸೇನ್–ಸ್ಯಾನಿಟಿ. ‘ಒಬೀಸ್’ ಮಾತ್ರ ‘ಒಬೀಸಿಟಿ’ ಆದಾಗಲೂ ದೀರ್ಘವನ್ನು ಬಿಡಲಿಲ್ಲ.

ಪದಭಾಗಗಳು ಸಿಲಬಲ್‌ಗಳಿಗಿಂತ ಹೇಗೆ ಬೇರೆ?

‘ಹೆಲಿಕಾಪ್ಟರ್’ ಒಂದನ್ನು ಕೈಗೆತ್ತಿಕೊಳ್ಳಿ. ಬಾಯಿ ಅದನ್ನು ˈಹೆ-ಲಿ-ಕಾಪ್-ಟರ್ ಎಂದು ನಾಲ್ಕಾಗಿ ಒಡೆಯುತ್ತದೆ. ಕೇಳಿದವರಿಗೆ ‘ಹೆಲಿ’ ಮತ್ತು ‘ಕಾಪ್ಟರ್’ ಎರಡು ಭಾಗ ಇರಬೇಕು ಅನ್ನಿಸುತ್ತದೆ. ನಿಜವಾದ ಒಡೆತ ಹೆಲಿಕೋ + ಪ್ಟರ್. ಗ್ರೀಕ್‌ನಲ್ಲಿ ‘ಹೆಲಿಕ್ಸ್’ ಎಂದರೆ ಸುರುಳಿ, ‘ಪ್ಟೆರಾನ್’ ಎಂದರೆ ರೆಕ್ಕೆ. ಅಂದರೆ ಸುರುಳಿರೆಕ್ಕೆ. ಪ್ ಮತ್ತು ಟ್ ಒಂದೇ ಪದಭಾಗದವು, ಸಿಲಬಲ್‌ನ ಗಡಿ ಮಾತ್ರ ಅವೆರಡರ ನಡುವೆಯೇ ಹಾದುಹೋಗಿದೆ. ಸರಳ ಪದದಲ್ಲೂ ಇದನ್ನು ಕಾಣಬಹುದು: ‘ಟೀಚರ್’ ಬಾಯಲ್ಲಿ ಟೀ-ಚರ್, ಅರ್ಥದಲ್ಲಿ ಟೀಚ್ + ಅರ್.

ಆದ್ದರಿಂದ ಕ್ರಮ ಹೀಗಿರಲಿ: ಅರ್ಥ ಬೇಕಾದಾಗ ಪದಭಾಗ, ಉಚ್ಚಾರ ಬೇಕಾದಾಗ ಸಿಲಬಲ್.

ಕಾಗುಣಿತ ನೆನಪಿಡಲು ಪದಭಾಗ ನೆರವಾಗುತ್ತದೆಯೇ?

ಬಹಳ. ಇಂಗ್ಲಿಷ್‌ನ ಎಷ್ಟೋ ಜೋಡಿ ಅಕ್ಷರಗಳ ಹಿಂದೆ ಲ್ಯಾಟಿನ್‌ನ ಸಂಧಿ ಇದೆ. ತತ್ + ಲೀನ ತಲ್ಲೀನವಾದಂತೆ, ‘ಅಲ್ಲದ’ ಎಂಬರ್ಥದ ‘ಇನ್’ ಮುಂದಿನ ವ್ಯಂಜನಕ್ಕೆ ಬಾಗುತ್ತದೆ: ‘ಲೀಗಲ್’ ಮುಂದೆ ಅದರ ಎನ್ ಅಕ್ಷರ ಎಲ್ ಆಗುತ್ತದೆ, ‘ರೆಗ್ಯುಲರ್’ ಮುಂದೆ ಆರ್, ‘ಪಾಸಿಬಲ್’ ಮುಂದೆ ಎಂ.

‘ಅಕಾಮಡೇಟ್’ ಪದದಲ್ಲಿ ಸಿ ಎಷ್ಟು, ಎಂ ಎಷ್ಟು ಎಂದು ತಡವರಿಸದವರು ಕಡಿಮೆ. ಬಿಡಿಸಿ ನೋಡಿ: ಆ್ಯಡ್ + ಕಾಮ್ + ಮೋಡ್ + ಏಟ್. ‘ಆ್ಯಡ್’ನ ಡಿ ಮುಂದಿನ ಸಿಗೆ ಬಾಗಿ ಸಿ ಆಯಿತು, ಹಾಗಾಗಿ ಎರಡು ಸಿ. ‘ಕಾಮ್’ ಎಂಗೆ ಮುಗಿಯುತ್ತದೆ, ‘ಮೋಡ್’ ಎಂನಿಂದ ಶುರುವಾಗುತ್ತದೆ, ಹಾಗಾಗಿ ಎರಡು ಎಂ. ಇಷ್ಟು ಒಮ್ಮೆ ಮನಸ್ಸಿನಲ್ಲಿ ಕೂತರೆ ಮತ್ತೆ ನಿಘಂಟು ತೆಗೆಯುವ ಕೆಲಸವಿಲ್ಲ.

ಜೋಡಿ ಅಕ್ಷರವನ್ನು ಒತ್ತಿ ಹೇಳಬೇಕೇ?

ಬೇಡ. ‘ರನ್ನಿಂಗ್’, ‘ಹ್ಯಾಪ್ಪಿ’, ‘ಸಮ್ಮರ್’ ಎಂಬ ದ್ವಿತ್ವ ಇಂಗ್ಲಿಷ್ ಬಾಯಲ್ಲಿ ಇಲ್ಲ: ರ-ನಿಂಗ್, ಹ್ಯಾ-ಪಿ, ಸ-ಮರ್. ‘ಇಲ್ಲೀಗಲ್’ ಕೂಡ ಇ-ˈಲೀ-ಗಲ್. ಎರಡು ಪದಭಾಗಗಳು ತಮ್ಮ ಗುರುತು ಉಳಿಸಿಕೊಂಡು ಸೇರಿದ ಕಡೆ ಮಾತ್ರ ನಿಜವಾದ ದ್ವಿತ್ವ ಕೇಳುತ್ತದೆ: ‘ಅನ್-ನ್ಯಾಚರಲ್’, ‘ಬುಕ್-ಕೀಪರ್’.

ಒಂದು ಪದದಲ್ಲಿ ಎರಡು ಒತ್ತು ಇರಬಹುದೇ?

ಇರಬಹುದು. ಉದ್ದದ ಪದದಲ್ಲಿ ಮುಖ್ಯ ಒತ್ತು ಒಂದೇ, ಅದರ ಜೊತೆ ಸಣ್ಣ ಒತ್ತುಗಳು ಇರುತ್ತವೆ. ನಿಘಂಟು ಸಣ್ಣದನ್ನು ಕೆಳಗಿನ ಗೀಟು ˌ ಹಾಕಿ ತೋರಿಸುತ್ತದೆ: ˌಇನ್-ಫರ್-ˈಮೇ-ಷನ್. ಸಾಮಾನ್ಯವಾಗಿ ಮೊದಲ ಎರಡು ಸಿಲಬಲ್‌ಗಳಲ್ಲಿ ಒಂದಕ್ಕಾದರೂ ಏನಾದರೊಂದು ಒತ್ತು ಇದ್ದೇ ಇರುತ್ತದೆ.

ನಿಜವಾಗಿಯೂ ಉದ್ದದ ಪದವನ್ನು ಬಿಡಿಸಿ ತೋರಿಸಿ.

‘ಇಂಟರ್‌ನ್ಯಾಷನಲೈಝೇಷನ್’. ಬರೆದರೆ 20 ಅಕ್ಷರ. ಮೊದಲ ಅಕ್ಷರ ಐ, ಕೊನೆಯದು ಎನ್, ನಡುವೆ 18. ಸಾಫ್ಟ್‌ವೇರ್ ಮಂದಿ ಇದನ್ನು ‘ಐ-18-ಎನ್’ ಎಂದು ಮೊಟಕು ಮಾಡಿರುವುದು ಅದಕ್ಕೇ. ಮೊದಲು ಬಾಲ: ‘ಷನ್’. ಹಾಗಾದರೆ ಒತ್ತು ಅದರ ಹಿಂದಿನ ‘ಝೇ’ಗೆ. ಆಮೇಲೆ ಪದಭಾಗ: ಇಂಟರ್ + ನೇಷನ್ + ಅಲ್ + ಐಝ್ + ಏಷನ್, ಅಂದರೆ ನಡುವೆ, ರಾಷ್ಟ್ರ, ಸಂಬಂಧಿಸಿದ, ಹಾಗೆ ಮಾಡುವ, ಕ್ರಿಯೆ. ಕೊನೆಗೆ ಸಿಲಬಲ್: ˌಇನ್-ಟರ್-ˌನ್ಯಾ-ಷ-ನ-ಲೈ-ˈಝೇ-ಷನ್. ಎಂಟು.

‘ಆ್ಯಂಟಿಡಿಸ್‌ಎಸ್ಟ್ಯಾಬ್ಲಿಷ್‌ಮೆಂಟೇರಿಯನಿಝಮ್’ 28 ಅಕ್ಷರದ್ದು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಚರ್ಚಿಗಿದ್ದ ರಾಜ್ಯದ ಮಾನ್ಯತೆ ತೆಗೆಯಬಾರದು ಎಂದವರ ನಿಲುವು ಇದು. ಆ್ಯಂಟಿ + ಡಿಸ್ + ಎಸ್ಟ್ಯಾಬ್ಲಿಷ್ + ಮೆಂಟ್ + ಏರಿಯನ್ + ಇಝಮ್. ಸಿಲಬಲ್ 12: ಆ್ಯನ್-ಟಿ-ಡಿಸ್-ಎಸ್-ಟ್ಯಾಬ್-ಲಿಷ್-ಮನ್-ˈಟೇ-ರಿ-ಅ-ನಿ-ಝಮ್.

ನಿಘಂಟಿನ ಅತಿ ಉದ್ದದ ಪದ ಎಂದು ಹೆಸರಾದ 45 ಅಕ್ಷರದ ‘ನ್ಯೂಮೋನೋಅಲ್ಟ್ರಾಮೈಕ್ರೋಸ್ಕಾಪಿಕ್‌ಸಿಲಿಕೋವಾಲ್ಕೇನೋಕೋನಿಓಸಿಸ್’ 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್ ಕಟ್ಟಿದ್ದು. ಬೇಕೆಂದೇ ಉದ್ದ ಮಾಡಿದ ಪದವಾದರೂ ಕಟ್ಟಡ ಅಚ್ಚುಕಟ್ಟು: ಶ್ವಾಸಕೋಶ, ಅತಿ, ಸೂಕ್ಷ್ಮ, ಸಿಲಿಕಾ, ಜ್ವಾಲಾಮುಖಿ, ಧೂಳು, ರೋಗಸ್ಥಿತಿ. ಸಿಲಬಲ್ 19, ಮುಖ್ಯ ಒತ್ತು ಕೊನೆಯಿಂದ ಎರಡನೆಯ ‘ಓ’ಗೆ.

ಸಾಲಿನ ಕೊನೆಯಲ್ಲಿ ಪದ ಎಲ್ಲಿ ಮುರಿಯಬೇಕು?

ಇದಕ್ಕೆ ನಿಘಂಟು ನೋಡುವುದೇ ಸರಿ. ಅಮೆರಿಕದ ಪದ್ಧತಿ ಉಚ್ಚಾರವನ್ನು ಹಿಂಬಾಲಿಸುತ್ತದೆ, ಬ್ರಿಟನ್ನಿನ ಹಳೆಯ ಪದ್ಧತಿ ಪದಭಾಗವನ್ನು. ‘ನಾಲೆಜ್’ ಅಮೆರಿಕದಲ್ಲಿ ‘ಎಲ್’ ಆದ ಮೇಲೆ ಮುರಿದರೆ ಬ್ರಿಟನ್ನಿನಲ್ಲಿ ‘ಎಲ್’ಗೆ ಮುಂಚೆ. ದಾರಿ ತಪ್ಪಿಸುವ ಜಾಗದಲ್ಲಿ ಮುರಿದರೆ ಓದು ಮುಗ್ಗರಿಸುತ್ತದೆ: ದಂತಕಥೆಯ ‘ಲೆಜೆಂಡ್’ ಕಾಲಿನ ‘ಲೆಗ್’ ಮತ್ತು ಕೊನೆಯ ‘ಎಂಡ್’ ಆಗಿಬಿಡುತ್ತದೆ.

ಟೆಕ್ ಅಕ್ಷರಜೋಡಣೆ ತಂತ್ರಾಂಶಕ್ಕಾಗಿ ಫ್ರಾಂಕ್ಲಿನ್ ಲಿಯಾಂಗ್ 1983ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ವಿಧಾನ 4,447 ಅಕ್ಷರಮಾದರಿಗಳನ್ನು ಬಳಸುತ್ತದೆ. ಜೊತೆಗೆ 14 ಪದಗಳ ಅಪವಾದ ಪಟ್ಟಿ. ಆ ಪಟ್ಟಿಯಲ್ಲಿ ‘ಪ್ರೆಝೆಂಟ್’ ಮತ್ತು ‘ಪ್ರಾಜೆಕ್ಟ್’ ಇವೆ. ನಾಮಪದವೋ ಕ್ರಿಯಾಪದವೋ ಎಂಬುದರ ಮೇಲೆ ಮುರಿಯುವ ಜಾಗ ಬದಲಾಗುತ್ತದೆ, ಯಂತ್ರಕ್ಕೆ ಅದು ಗೊತ್ತಾಗದು. ಹಾಗಾಗಿ ಅವನ್ನು ಮುರಿಯುವುದೇ ಬೇಡ ಎಂದು ಬಿಟ್ಟಿದ್ದಾರೆ.

ಬ್ರಿಟಿಷ್ ಒತ್ತು ಸರಿಯೋ ಅಮೆರಿಕನ್ ಒತ್ತು ಸರಿಯೋ?

ಎರಡೂ. ‘ಲಬಾರಟರಿ’ ಬ್ರಿಟನ್ನಿನಲ್ಲಿ ಎರಡನೆಯ ಸಿಲಬಲ್‌ಗೆ ಒತ್ತು, ಅಮೆರಿಕದಲ್ಲಿ ಮೊದಲನೆಯದಕ್ಕೆ. ಜಾಹೀರಾತಿನ ಪದ ಬ್ರಿಟನ್ನಿನಲ್ಲಿ ಅಡ್-ˈವರ್-ಟಿಸ್-ಮಂಟ್, ಅಮೆರಿಕದಲ್ಲಿ ಆ್ಯಡ್-ವರ್-ˈಟೈಝ್-ಮಂಟ್. ‘ಅಲ್ಯೂಮಿನಿಯಮ್’ನಲ್ಲಂತೂ ಕಾಗುಣಿತವೇ ಬೇರೆ: ಐದು ಸಿಲಬಲ್‌ನದು ಬ್ರಿಟನ್ನಿಗೆ, ನಾಲ್ಕರ ಅ-ˈಲೂ-ಮಿ-ನಮ್ ಅಮೆರಿಕಕ್ಕೆ. ಒಂದನ್ನು ಹಿಡಿದು ಅದರಲ್ಲೇ ನಡೆಯಿರಿ.

ಅಭ್ಯಾಸ ಹೇಗೆ ಮಾಡಬೇಕು?

ಹಿಂದಿನಿಂದ ಕಟ್ಟಿಕೊಂಡು ಬನ್ನಿ. ‘ರಿಸ್ಪಾನ್ಸಬಿಲಟಿ’ಗೆ:

ಟಿ
ಲ-ಟಿ
ˈಬಿ-ಲ-ಟಿ
ಸ-ˈಬಿ-ಲ-ಟಿ
ಸ್ಪಾನ್-ಸ-ˈಬಿ-ಲ-ಟಿ
ರಿ-ಸ್ಪಾನ್-ಸ-ˈಬಿ-ಲ-ಟಿ

ಮುಂದಿನಿಂದ ಹೊರಟರೆ ಶುರುವಿನಲ್ಲಿ ಧೈರ್ಯ, ಒತ್ತಿನ ಜಾಗಕ್ಕೆ ಬರುವ ಹೊತ್ತಿಗೆ ಉಸಿರು ಮತ್ತು ಲಯ ಎರಡೂ ಕೆಡುತ್ತವೆ. ಹಿಂದಿನಿಂದ ಬಂದರೆ ಒತ್ತಿರುವ ಭಾಗವೇ ಹೆಚ್ಚು ಸಲ ಬಾಯಲ್ಲಿ ಹೊರಳುತ್ತದೆ, ಮುಂದೆ ಸೇರುವ ಪ್ರತಿ ತುಂಡೂ ಪಳಗಿದ ನೆಲಕ್ಕೇ ಇಳಿಯುತ್ತದೆ. ಪ್ರತಿ ಸಾಲನ್ನೂ ಮೂರು ಸಲ ಹೇಳಿ, ‘ಬಿ’ ಬಂದಾಗ ಮಾತ್ರ ಮೇಜು ತಟ್ಟಿ. ತಟ್ಟು ಬೇರೆ ಸಿಲಬಲ್ ಮೇಲೆ ಬಿದ್ದರೆ ಹಿಂದಿನ ಸಾಲಿಗೆ ಮರಳಿ. ದಿನಕ್ಕೆ ಒಂದೇ ಬಾಲ ತೆಗೆದುಕೊಳ್ಳಿ, ಆ ಬಾಲದ ಐದಾರು ಪದ ಸಾಕು. ಇಂದು ‘ಇಟಿ’ ಆದರೆ ನಾಳೆ ‘ಷನ್’.